ಅವನು ಸುಳ್ಳು ಹೇಳ್ತಾನಾ, ಇಲ್ಲಾ ನೆನಪೇ ಉಳಿಯಲ್ವಾ?

ಪ್ರಶ್ನೆ: ಡಾಕ್ಟ್ರೇ, ನಾವು ಗದಗ ಕಡೆಯವರು, ಇರುವುದು ವಾಸ್ಕೋದಲ್ಲಿ. ನನ್ನ ತಂಗಿಯ ಮಗನನ್ನು ಅವನು 4 ವರ್ಷದವನಿದ್ದಾಗಿನಿಂದ ನಾನೇ ಸಾಕುತ್ತಿದ್ದೇನೆ. ನನ್ನನ್ನು ದೊಡ್ಡವ್ವ ಅಂತಾನೆ. ಈಗ 9 ವರ್ಷ, ಮೂರನೇ ಕ್ಲಾಸು. ಮಾತು ಚೆನ್ನಾಗಿ ಆಡುತ್ತಾನೆ, ಎಲ್ಲರ ಜೊತೆ ಬೇಗ ಸೇರುತ್ತಾನೆ. ಆದರೆ ಇವತ್ತು ಕಲಿಸಿದ ಮಗ್ಗಿ ನಾಳೆ ಇರಲ್ಲ. ಒಂದು ಕಡೆ ಕೂರಲ್ಲ. ಹೋದ ತಿಂಗಳು 100 ರೂಪಾಯಿ ಕೊಟ್ಟು ಹಾಲಿಗೆ ಕಳಿಸಿದೆ. ಹಾಲೂ ಬರಲಿಲ್ಲ, ದುಡ್ಡೂ ಬರಲಿಲ್ಲ. ಕೇಳಿದರೆ ಮೊದಲು "ಅಂಕಲ್ ತಗೊಂಡ" ಅಂದ, ಆಮೇಲೆ "ನಾಯಿ ಬಂತು" ಅಂದ. ಬೇರೆ ಮಕ್ಕಳ ಪೆನ್ಸಿಲ್ ಇವನ ಬ್ಯಾಗಲ್ಲಿ ಸಿಗುತ್ತೆ. ಟೀಚರು ಕಳ್ಳ ಅಂತಾರೆ. ನನ್ನ ತಂಗಿ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು, ಸಂಜೆ ಇಬ್ಬರಿಗೂ ಕುಡಿಯುವ ರೂಢಿ ಇತ್ತು. ಬಸುರಿಯಿದ್ದಾಗಲೂ ಕುಡಿದಳು. 2 ವರ್ಷದಿಂದ ಪೂರ್ತಿ ಬಿಟ್ಟಿದ್ದಾಳೆ, ಈಗ ನಮ್ಮ ಜೊತೆಗೇ ಇದ್ದಾಳೆ. ಒಬ್ಬ ಡಾಕ್ಟರು ಇದು ಕುಡಿತದಿಂದ ಆಗಿರಬಹುದು ಅಂದರು. ಇನ್ನೊಬ್ಬರು ಮುಖ ನೋಡಿ, ಅಂಥದ್ದೇನಿಲ್ಲ, ಹಟಮಾರಿ ಅಷ್ಟೇ ಅಂದರು. ಇವನ ಅಕ್ಕ ಊರಲ್ಲಿ ಅಜ್ಜಿ ಹತ್ತಿರ ಇದ್ದಾಳೆ, ಓದಿನಲ್ಲಿ ಮುಂದೆ. ಅವಳು ಹೊಟ್ಟೆಯಲ್ಲಿದ್ದಾಗಲೂ ತಂಗಿ ಕುಡಿಯುತ್ತಿದ್ದಳು. ಹಾಗಾದರೆ ಇವನಿಗೆ ಮಾತ್ರ ಯಾಕೆ? ಇದು ರಕ್ತದಲ್ಲೇ ಬಂದಿದ್ದಾ? ಮುಂದೆ ಅಪ್ಪನ ಹಾಗೇ ಆಗುತ್ತಾನಾ? ಇದಕ್ಕೆ ಔಷಧಿ ಇದೆಯಾ? ನಮ್ಮ ಮನೆಯವರು ಹಾಸ್ಟೆಲ್‌ಗೆ ಹಾಕೋಣ, ಶಿಸ್ತು ಬರುತ್ತೆ ಅಂತಾರೆ. ತಂಗಿ ಇದನ್ನೆಲ್ಲ ಕೇಳಿ ಊಟ ಬಿಟ್ಟು ಕೂತಿದ್ದಾಳೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಇವೆ. ಹುಡುಗ ಕೈತಪ್ಪಿ ಹೋಗುತ್ತಿದ್ದಾನಾ ಅನ್ನುವುದು ಒಂದು. ಇದು ತಂಗಿಯ ಕುಡಿತದಿಂದಲೇ ಆಗಿದ್ದು ಅಂತ ಖಾತ್ರಿಯಾದರೆ ಅವಳ ಗತಿ ಏನು ಅನ್ನುವುದು ಇನ್ನೊಂದು. ಎರಡನೆಯದನ್ನು ಮೊದಲು ತೆಗೆದುಕೊಳ್ಳುತ್ತೇನೆ. ಯಾಕೆಂದರೆ ಹುಡುಗನಿಗೆ ಸಹಾಯ ಸಿಗಬೇಕಾದರೆ ನಿಮ್ಮ ತಂಗಿಯ ಮಾತು ಬೇಕೇ ಬೇಕು.

ಮೊದಲ ಡಾಕ್ಟರು ಹೇಳಿದ ತೊಂದರೆಗೆ ಫೀಟಲ್ ಆಲ್ಕೋಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್ ಅನ್ನುತ್ತಾರೆ, ಚಿಕ್ಕದಾಗಿ ಎಫ್‌ಎಎಸ್‌ಡಿ. ಗರ್ಭದಲ್ಲಿದ್ದಾಗ ಮದ್ಯ ತಾಗಿ ಮೆದುಳಿನ ಬೆಳವಣಿಗೆಯಲ್ಲಿ ಆಗುವ ಏರುಪೇರು ಇದು. ಫ್ರಾನ್ಸಿನ ಪಾಲ್ ಲೆಮೋಯ್ನ್ 1968ರಲ್ಲೇ ಇದರ ಬಗ್ಗೆ ಬರೆದಿದ್ದರು. 1973ರಲ್ಲಿ ಅಮೆರಿಕದ ಸಿಯಾಟಲ್‌ನ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಇದಕ್ಕೆ ಹೆಸರು ಕೊಟ್ಟರು. ಅಲ್ಲಿಂದ 50 ವರ್ಷ ದಾಟಿದೆ. ಆದರೂ ಇದನ್ನು ತೋರಿಸಿಕೊಡುವ ರಕ್ತ ಪರೀಕ್ಷೆ ಇಲ್ಲ. ಎಂಆರ್‌ಐ ಮಾಡಿಸಿದರೂ ತುಂಬಾ ಮಕ್ಕಳದ್ದು ನಾರ್ಮಲ್ ಅಂತಲೇ ಬರುತ್ತದೆ. ಮುಖದಲ್ಲಿ ಲಕ್ಷಣ ಇಲ್ಲದಿದ್ದಾಗ, ಬಸುರಿನಲ್ಲಿ ಮದ್ಯ ತಾಗಿದ್ದು ಖಾತ್ರಿಯಿದ್ದರೆ ಮಾತ್ರ ನಾವು ಈ ಹೆಸರು ಬರೆಯಬಹುದು. ಅದನ್ನು ಸರಿಯಾಗಿ ಹೇಳಬಲ್ಲವಳು ತಾಯಿ. ಅವಳನ್ನು ಕಟಕಟೆಯಲ್ಲಿ ನಿಲ್ಲಿಸಿದರೆ ಅವಳು ಯಾಕೆ ಬಾಯಿ ಬಿಡುತ್ತಾಳೆ ಹೇಳಿ.

ನಮ್ಮ ಕಡೆ ಈ ಪ್ರಶ್ನೆಯನ್ನು ಡಾಕ್ಟರುಗಳೂ ಕೇಳುವುದು ಕಡಿಮೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕುಡಿಯುತ್ತೇವೆ ಅಂದ ಹೆಂಗಸರು ನೂರಕ್ಕೆ ಒಬ್ಬರ ಆಸುಪಾಸು. ಗೋವಾದಲ್ಲಿ ಅದಕ್ಕಿಂತ ಜಾಸ್ತಿ. ಹೀಗಾಗಿ "ಹೆಂಗಸರಿಗೆ ಈ ಮಾತು ಕೇಳುವುದಾ?" ಅಂತ ಹಿಂಜರಿಯುತ್ತಾರೆ. ಪುಣೆಯಲ್ಲಿ ನನ್ನ ಹತ್ತಿರ ಬರುವ ಮಕ್ಕಳಲ್ಲಿ ಕೆಲವರು ವರ್ಷಗಟ್ಟಲೆ ಚಂಚಲ, ದಡ್ಡ, ಕಳ್ಳ ಅನ್ನಿಸಿಕೊಂಡು ಬಂದಿರುತ್ತಾರೆ. ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ಕೇಳಿದಾಗಲೇ ವಿಷಯ ಹೊರಗೆ ಬರುತ್ತದೆ. ಮಗುವಿಗೆ ಪೆಟ್ಟಾಗಲಿ ಅಂತ ಕುಡಿದ ತಾಯಿಯನ್ನು ನಾನು ನೋಡಿಲ್ಲ. ದಿನವಿಡೀ ಸಿಮೆಂಟ್ ಬುಟ್ಟಿ ಹೊತ್ತ ಮೈಕೈ ನೋವು, ಕುಡಿದು ಬರುವ ಗಂಡ, ಬಸುರಿಯಾಗಿದ್ದೇ ಎರಡು ಮೂರು ತಿಂಗಳು ಗೊತ್ತಾಗದೆ ಇರುವುದು, ಕುಡಿದರೆ ಮಗುವಿಗೆ ಏನಾಗುತ್ತೆ ಅಂತ ಯಾರೂ ಹೇಳದೆ ಇರುವುದು. ಈ ಕಥೆಗಳಲ್ಲಿ ಇದೇ ಮತ್ತೆ ಮತ್ತೆ ಸಿಗುತ್ತದೆ.

ಅವಳನ್ನು ಮಾತಾಡಿಸುವಾಗ ಮನೆಯ ಗಂಡಸರ ಎದುರು ಬೇಡ. "ಎಷ್ಟು ಕುಡಿದೆ?" ಅಂತ ಶುರು ಮಾಡಬೇಡಿ. ಹೊಟ್ಟೆಯಲ್ಲಿದೆ ಅಂತ ಗೊತ್ತಾಗಿದ್ದು ಯಾವ ತಿಂಗಳು, ಆವಾಗ ಎಲ್ಲಿ ಕೆಲಸ, ವಾರಕ್ಕೆ ಎಷ್ಟು ದಿನ ತಗೊಳ್ತಿದ್ದೆ, ಗೊತ್ತಾದ ಮೇಲೆ ಕಡಿಮೆ ಆಯ್ತಾ, ಹೀಗೆ ಕೇಳಿ. ಅವಳು "ಬರೀ ಬೀರು" ಅಂದರೆ ಅದನ್ನೂ ಬರೆದುಕೊಳ್ಳಿ. ಬೀರು ಲೈಟು, ಉರ್ರಾಕ್ ತಂಪು, ಫೆನಿ ಔಷಧಿ ಅನ್ನುವ ಮಾತು ನಿಮ್ಮ ಕಡೆ ತುಂಬಾ ಇದೆ. ಇವೆಲ್ಲದರಲ್ಲಿ ಇರುವುದು ಒಂದೇ ಮದ್ಯಸಾರ. 30 ಎಂಎಲ್ ವಿಸ್ಕಿ, ಅಂದರೆ ಒಂದು ಪೆಗ್‌ನಲ್ಲಿ, ಸುಮಾರು 10 ಗ್ರಾಂ. 8 ಪರ್ಸೆಂಟಿನ ಸ್ಟ್ರಾಂಗ್ ಬೀರಿನ 650 ಎಂಎಲ್ ಬಾಟಲಿಯಲ್ಲಿ ಸುಮಾರು 40 ಗ್ರಾಂ, ಅಂದರೆ ನಾಲ್ಕು ಪೆಗ್ ಲೆಕ್ಕ. 180 ಎಂಎಲ್‌ನ ಒಂದು ಕ್ವಾರ್ಟರ್ ವಿಸ್ಕಿ ಅಂದರೆ 60 ಗ್ರಾಂ. ಬಸುರಿನಲ್ಲಿ ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಅಳತೆ ಇಲ್ಲ, ಈ ತಿಂಗಳಲ್ಲಿ ಪರವಾಗಿಲ್ಲ ಅನ್ನುವುದೂ ಇಲ್ಲ.

ಇನ್ನು ಮುಖ ನೋಡಿ ಏನಿಲ್ಲ ಅಂದ ಡಾಕ್ಟರ ಮಾತು. ಮೂರು ಲಕ್ಷಣ ಇವೆ ನಿಜ: ಮೂಗಿನಿಂದ ತುಟಿಗೆ ಇಳಿಯುವ ಗುಳಿ ಸಪಾಟಾಗಿರುವುದು, ಮೇಲ್ತುಟಿ ತೆಳ್ಳಗಿರುವುದು, ಕಣ್ಣಿನ ಸೀಳು ಚಿಕ್ಕದಿರುವುದು. ಆದರೆ ಮುಖದ ರೂಪ ಬಸುರಿನ ಶುರುವಿನ ವಾರಗಳಲ್ಲೇ ಮೂಡುತ್ತದೆ. ಮದ್ಯ ಆ ದಿನಗಳಲ್ಲಿ ತಾಗಿದರೆ ಮುಖದಲ್ಲಿ ಗುರುತು ಬೀಳಬಹುದು. ಮೆದುಳು ಮಾತ್ರ ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ, ಯಾವಾಗ ಬೇಕಾದರೂ ಪೆಟ್ಟು ತಿನ್ನುತ್ತದೆ. ಅದಕ್ಕೇ ಎಫ್‌ಎಎಸ್‌ಡಿ ಇರುವ ಮಕ್ಕಳಲ್ಲಿ ಹೆಚ್ಚಿನವರ ಮುಖ ಎಲ್ಲರ ಹಾಗೇ ಇರುತ್ತದೆ. ಇಂಥ ಮಕ್ಕಳಿಗೇ ಬೈಗುಳ ಜಾಸ್ತಿ. ನೋಡಲು ಚೆನ್ನಾಗಿದ್ದಾನೆ, ಮಾತೂ ಚುರುಕು, ಹಾಗಾದರೆ ಬೇಕಂತಲೇ ಮಾಡುತ್ತಾನೆ ಅನ್ನುತ್ತಾರೆ ಜನ.

ಒಳಗೆ ಆಗುವುದು ಇಷ್ಟು. ತಾಯಿ ಕುಡಿದ ಮದ್ಯ ಹೊಕ್ಕುಳಬಳ್ಳಿಯಿಂದ ನೇರ ಮಗುವಿಗೆ ಹೋಗುತ್ತದೆ. ಅದನ್ನು ಕರಗಿಸುವಷ್ಟು ಮಗುವಿನ ಲಿವರ್ ಬೆಳೆದಿರುವುದಿಲ್ಲ. ಗರ್ಭದ ನೀರಿನಲ್ಲೂ ಅದು ಉಳಿದುಕೊಳ್ಳುತ್ತದೆ. ಕೆಲವು ನರಕೋಶ ಸಾಯುತ್ತವೆ, ಕೆಲವು ಸೇರಬೇಕಾದ ಜಾಗ ಸೇರುವುದಿಲ್ಲ. ಮೆದುಳಿನ ಎಡ ಬಲ ಭಾಗ ಜೋಡಿಸುವ ಸೇತುವೆ, ನೆನಪು ಕೂಡಿಡುವ ಭಾಗ, ಮುಂದೇನಾಗುತ್ತೆ ಅಂತ ಯೋಚಿಸಿ ಕೈ ತಡೆಯುವ ಮುಂಭಾಗ, ಇವಕ್ಕೆ ಹೊಡೆತ ಜಾಸ್ತಿ.

ಅಕ್ಕನಿಗೆ ಆಗದ್ದು ಇವನಿಗೆ ಯಾಕಾಯಿತು? ತಾಯಿ ಕುಡಿದ ಪ್ರತಿ ಮಗುವಿಗೂ ಹೀಗಾಗುವುದಿಲ್ಲ. ಲೋಕದ ಹಲವು ದೇಶಗಳ ಲೆಕ್ಕ ಸೇರಿಸಿ 2017ರಲ್ಲಿ ಬಂದ ಅಂದಾಜಿನ ಪ್ರಕಾರ, ಬಸುರಿನಲ್ಲಿ ಕುಡಿದ ಸುಮಾರು 13 ತಾಯಂದಿರಲ್ಲಿ ಒಬ್ಬರ ಮಗುವಿಗೆ ಈ ತೊಂದರೆ. ಎಷ್ಟು, ಯಾವ ವಾರದಲ್ಲಿ, ತಾಯಿಯ ಹೊಟ್ಟೆಗೆ ಊಟ ಇತ್ತಾ, ಅವಳ ವಯಸ್ಸೆಷ್ಟು, ತಾಯಿ ಮಗು ಇಬ್ಬರ ವಂಶವಾಹಿಗಳು ಹೇಗಿವೆ, ಎಲ್ಲವೂ ಸೇರುತ್ತದೆ. ಕುಡಿತ ಮುಂದುವರಿದರೆ ಕಿರಿಯ ಮಕ್ಕಳಿಗೆ ಪೆಟ್ಟು ಜಾಸ್ತಿ ಬೀಳುವುದನ್ನೂ ನೋಡಿದ್ದೇವೆ. ಹಾಗಂತ ಅಕ್ಕನನ್ನು ಬಿಡಬೇಡಿ. ಓದಿನಲ್ಲಿ ಮುಂದಿದ್ದರೂ ಒಮ್ಮೆ ತೋರಿಸಿ.

ರಕ್ತದಲ್ಲಿ ಬಂದಿದ್ದಲ್ಲ. ಇವನಿಗೆ ಮುಂದೆ ಮಕ್ಕಳಾದರೆ ಅವಕ್ಕೆ ಇದು ದಾಟುವುದಿಲ್ಲ. ಬರೀ ಅಪ್ಪ ಕುಡಿದರೆ ಎಫ್‌ಎಎಸ್‌ಡಿ ಬರುವುದಿಲ್ಲ, ಅದಕ್ಕೆ ಗರ್ಭದಲ್ಲೇ ಮದ್ಯ ತಾಗಬೇಕು. ಆದರೆ ಅಪ್ಪ ಕುಡಿಯುವ ಮನೆಯಲ್ಲಿ ಅಮ್ಮ ಬಿಡುವುದು ಕಷ್ಟ. ಹೊಣೆ ಹಂಚುವಾಗ ಇದೂ ಲೆಕ್ಕಕ್ಕೆ ಬರಬೇಕು, ಅಲ್ವಾ? ಇವನು ಮುಂದೆ ಕುಡುಕನಾಗುತ್ತಾನಾ ಅಂದರೆ, ಅಪಾಯ ಬೇರೆ ಮಕ್ಕಳಿಗಿಂತ ಜಾಸ್ತಿ ಇದೆ ಅಂತ ಒಪ್ಪಬೇಕು. ಹಣೆಬರಹ ಅಂತ ಕೈಬಿಡುವಂಥದ್ದಲ್ಲ. ಮನೆಯಲ್ಲಿ ಬಾಟಲಿ ಇಡಬೇಡಿ. ಶೀತಕ್ಕೆ ಅಂತ ಒಂದು ಚಮಚ ಫೆನಿ ಕೂಡ ಇವನಿಗೆ ಬೇಡ.

ಈಗ ಸುಳ್ಳಿನ ವಿಷಯ. ನಿಮ್ಮ ಮನೆಯಲ್ಲಿ ಜಗಳ ಇದಕ್ಕೇ ಜಾಸ್ತಿ ಅಂತ ಕಾಣುತ್ತೆ.

ಹಾಲಿನ ಆ ದಿನವನ್ನು ಅವನ ಕಡೆಯಿಂದ ನೋಡಿ. ಕೈಯಲ್ಲಿ ನೋಟು. ದಾರಿಯಲ್ಲಿ ಹುಡುಗರು ಆಡುತ್ತಿರುತ್ತಾರೆ. ನಿಂತ. ನೋಟು ಎಲ್ಲೋ ಬಿತ್ತು, ಅಥವಾ ಯಾರೋ ಕೇಳಿದರು, ಕೊಟ್ಟ. ಮನೆಗೆ ಬಂದಾಗ ಹಾಲಿಗೆ ಹೋಗಿದ್ದೆ ಅನ್ನುವುದೇ ಅರ್ಧ ಮಾಸಿರುತ್ತದೆ. ನೀವು ಜೋರಾಗಿ "ದುಡ್ಡೆಲ್ಲಿ?" ಅಂದಿರಿ. ಇವನ ನೆನಪು ಅಟ್ಟದ ಮೇಲಿಟ್ಟ ಸಾಮಾನಿನ ಹಾಗೆ: ಎಲ್ಲೋ ಇದೆ, ಬೇಕಾದಾಗ ಕೈಗೆ ಸಿಗಲ್ಲ. ಎದುರಿಗಿರುವವರಿಗೆ ಉತ್ತರ ಬೇಕು. ಆಗ ಮೆದುಳು ಬೇರೆ ದಿನದ ಅಂಕಲ್, ಬೇರೆ ದಿನದ ನಾಯಿ ತಂದು ಖಾಲಿ ಜಾಗ ತುಂಬುತ್ತದೆ. ಹೇಳುವಾಗ ಅವನು ಅದನ್ನು ನಂಬಿಯೇ ಹೇಳುತ್ತಾನೆ. ತಪ್ಪಿಸಿಕೊಳ್ಳಲು ಹೇಳುವ ಸುಳ್ಳು ಒಂದೇ ಕಥೆಗೆ ಅಂಟಿಕೊಂಡಿರುವುದೂ ಉಂಟು. ಇವನ ಕಥೆ ನೀವು ಕೇಳಿದ ಹಾಗೆಲ್ಲ ಬದಲಾಯಿತು, ನೋಡಿ. ಇವನೂ ಆಗೊಮ್ಮೆ ಈಗೊಮ್ಮೆ ನಿಜವಾದ ಸುಳ್ಳು ಹೇಳಬಹುದು, ಎಲ್ಲ ಮಕ್ಕಳ ಹಾಗೆ. ಆದರೆ "ನಿಜ ಹೇಳು, ನಿಜ ಹೇಳು" ಅಂತ ಒತ್ತಿದಷ್ಟೂ ಹೊಸ ಕಥೆ ಹುಟ್ಟುತ್ತದೆ. ಕೇಳುವುದನ್ನೇ ನಿಲ್ಲಿಸಿ. "ದುಡ್ಡು ಕಾಣ್ತಿಲ್ಲ, ಬಾ ಹೋಗಿ ನೋಡೋಣ" ಅಂತ ಕೈ ಹಿಡಿದು ಅದೇ ದಾರಿಯಲ್ಲಿ ನಡೆಯಿರಿ. ಎಷ್ಟೋ ಸಲ ಆ ಜಾಗಕ್ಕೆ ಬಂದಾಗ ನಿಜವಾದದ್ದು ನೆನಪಾಗುತ್ತದೆ.

ಇದಕ್ಕೆ ಇನ್ನೊಂದು ಮುಖ ಇದೆ. "ನೀನೇ ಕದ್ದಿದ್ದಲ್ವಾ?" ಅಂತ ಟೀಚರು ಮೂರು ಸಲ ಗದರಿದರೆ, ಕದಿಯದಿದ್ದರೂ ಹೌದು ಅನ್ನುತ್ತಾನೆ. ಎದುರಿಗಿರುವವರು ಖುಷಿಯಾದರೆ ಸಾಕು ಅವನಿಗೆ. 9ನೇ ವಯಸ್ಸಿನಲ್ಲಿ ಇದು ಪೆನ್ಸಿಲ್ ವಿಷಯ. 16ರಲ್ಲಿ ಪೊಲೀಸ್ ಠಾಣೆಯಲ್ಲಿ ಹೀಗೇ ಹೌದು ಅಂದರೆ ಏನಾಗುತ್ತೆ ಯೋಚಿಸಿ. ಅದಕ್ಕೇ ಈಗಲೇ ಕಾಗದದ ಮೇಲೆ ರೋಗದ ಹೆಸರು ಇರಬೇಕು ಅನ್ನುವುದು ನನ್ನ ಒತ್ತಾಯ.

ಪೆನ್ಸಿಲ್ ಕೂಡ ಹಾಗೇ. "ನನ್ನದು, ನಿನ್ನದು" ಅನ್ನುವುದು ಕಣ್ಣಿಗೆ ಕಾಣುವ ವಸ್ತುವಲ್ಲ. ಬೆಂಚಿನ ಮೇಲೆ ಯಾರ ಕೈಯಲ್ಲೂ ಇಲ್ಲದ ಪೆನ್ಸಿಲ್ ಇವನ ಲೆಕ್ಕದಲ್ಲಿ ಯಾರದ್ದೂ ಅಲ್ಲ. ಇವನ ಸಾಮಾನಿಗೆಲ್ಲ ಒಂದೇ ಬಣ್ಣದ ಟೇಪ್ ಸುತ್ತಿ. ಕೆಂಪು ಟೇಪ್ ಇದ್ದರೆ ನಿನ್ನದು, ಇಲ್ಲದಿದ್ದರೆ ಮುಟ್ಟಬಾರದು. ಸಂಜೆ ಬ್ಯಾಗ್ ಇಬ್ಬರೂ ಕೂತು ನೋಡಿ. ಬೇರೆಯದು ಸಿಕ್ಕರೆ ಬೈಯದೆ ಪಕ್ಕಕ್ಕಿಡಿ, ಬೆಳಗ್ಗೆ ಅವನ ಕೈಯಿಂದಲೇ ವಾಪಸ್ ಕೊಡಿಸಿ.

ಮನೆಯ ಉಳಿದ ಕೆಲಸಗಳೂ ಇದೇ ದಾರಿಯಲ್ಲಿ. "ಹಲ್ಲುಜ್ಜಿ, ಸ್ನಾನ ಮಾಡಿ, ಡ್ರೆಸ್ ಹಾಕ್ಕೊಂಡು, ಡಬ್ಬಿ ತಗೊಂಡು ಬಾ" ಅಂದರೆ ಅವನಿಗೆ ಉಳಿಯುವುದು ಡಬ್ಬಿ ಒಂದೇ. ಒಂದು ಸಲಕ್ಕೆ ಒಂದು ಮಾತು. ಬಚ್ಚಲಿನ ಬಾಗಿಲ ಪಕ್ಕ ನಾಲ್ಕು ಚಿತ್ರ ಅಂಟಿಸಿ, ಒಂದೊಂದು ಮುಗಿದಂತೆ ಅವನೇ ಬೆರಳಿಟ್ಟು ತೋರಿಸಲಿ. "ಹತ್ತು ನಿಮಿಷ ತಡಿ" ಅಂದರೆ ಅವನಿಗೆ ಏನೂ ತಿಳಿಯುವುದಿಲ್ಲ. "ಕುಕ್ಕರ್ ಎರಡು ಸೀಟಿ ಹೊಡೆಯೋ ತನಕ" ಅಂದರೆ ತಿಳಿಯುತ್ತದೆ. ಪ್ರತಿ ದಿನ ಅದೇ ಹೊತ್ತು, ಅದೇ ಜಾಗ, ಅದೇ ಪದ. ನೀವು ಒಂದು ರೀತಿ, ನಿಮ್ಮ ಮನೆಯವರು ಇನ್ನೊಂದು ರೀತಿ ಹೇಳಿದರೆ ಅವನಿಗೆ ಅವು ಎರಡು ಬೇರೆ ಕೆಲಸ. ಮಗ್ಗಿ ಇವತ್ತು ಬಂದು ನಾಳೆ ಮರೆತರೆ ಮತ್ತೆ ಮೊದಲಿಂದ ಹೇಳಿಕೊಡಬೇಕಾಗುತ್ತೆ. ಈ ಮಕ್ಕಳಲ್ಲಿ ಲೆಕ್ಕವೇ ಹೆಚ್ಚು ಸೊರಗುವುದು. ಭಾನುವಾರ ಟಿವಿ ಇಲ್ಲ ಅಂತ ಸೋಮವಾರದ ತಪ್ಪಿಗೆ ಶಿಕ್ಷೆ ಕೊಟ್ಟರೆ ಅವೆರಡಕ್ಕೂ ನಂಟು ಅವನಿಗೆ ಹೊಳೆಯುವುದಿಲ್ಲ. ಹೊಡೆತದಿಂದಂತೂ ಹೆದರಿಕೆ ಬಿಟ್ಟು ಬೇರೇನೂ ಬರಲ್ಲ.

ಹಾಸ್ಟೆಲ್ ಬೇಡ. ಇದರಲ್ಲಿ ನಾನು ಎರಡು ಮಾತಾಡುವುದಿಲ್ಲ. ನಿಮ್ಮ ಮನೆಯವರ ಆಸೆ ತಪ್ಪಲ್ಲ, ವೇಳಾಪಟ್ಟಿ ಇದ್ದರೆ ಇಂಥ ಮಕ್ಕಳಿಗೆ ಒಳ್ಳೆಯದೇ. ಆದರೆ ಹಾಸ್ಟೆಲ್‌ನಲ್ಲಿ ದೊಡ್ಡ ಹುಡುಗರು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾನೆ. ಯಾರೋ ಮಾಡಿದ ತಪ್ಪು ಇವನ ತಲೆಗೆ ಬರುತ್ತದೆ. ದುರುಪಯೋಗ ಮಾಡಿಕೊಂಡರೂ ಬಂದು ಸರಿಯಾಗಿ ಹೇಳಲಾರ. ಸಿಯಾಟಲ್‌ನಲ್ಲೇ ಆನ್ ಸ್ಟ್ರೈಸ್‌ಗುತ್ ಮತ್ತು ಜೊತೆಗಾರರು ಇಂಥ ನೂರಾರು ಜನರ ಬದುಕು ನೋಡಿ 1996ರಲ್ಲಿ ಹೇಳಿದ್ದು: ಬೇಗ ರೋಗ ಗುರುತಿಸಿದವರು, ಹೊಡೆತ ಬಡಿತ ಇಲ್ಲದ, ಪದೇ ಪದೇ ಬದಲಾಗದ ಮನೆಯಲ್ಲಿ ಬೆಳೆದವರು ಮುಂದೆ ಪೊಲೀಸು, ಕುಡಿತ, ಶಾಲೆ ಬಿಡುವುದು ಇವುಗಳಿಗೆ ಸಿಕ್ಕಿಬಿದ್ದಿದ್ದು ಕಡಿಮೆ. ಅಂಥ ಮನೆ ಅವನಿಗೆ 5 ವರ್ಷದಿಂದ ನೀವು ಕೊಟ್ಟಿದ್ದೀರಿ.

ಈಗಿನ ಶಾಲೆಯಲ್ಲೇ ಮುಂದುವರಿಸುವುದು ನನ್ನ ಮೊದಲ ಆಯ್ಕೆ. ಮುಂದಿನ ಬೆಂಚು, ಬೋರ್ಡಿನ ಮೇಲೆ ಬರೆದ ಚಿಕ್ಕ ಸೂಚನೆ, ನಡುವೆ ಎದ್ದು ನೀರು ಕುಡಿದು ಬರಲು ಬಿಡುವುದು, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಇಷ್ಟು ಕೇಳಿ. ಟೀಚರು ಒಪ್ಪದೆ ದಿನಾ ಅವಮಾನ ಮಾಡಿದರೆ ಮಾತ್ರ ಬೇರೆ ಶಾಲೆ. ಸ್ಪೆಷಲ್ ಸ್ಕೂಲ್‌ನಲ್ಲಿ ಗಮನ ಸಿಗುತ್ತದೆ, ಆದರೆ ಮಾತಿನಲ್ಲಿ ಇಷ್ಟು ಮುಂದಿರುವ ಹುಡುಗನಿಗೆ ಅಲ್ಲಿ ಜೊತೆ ಸಿಗುವುದು ಕಷ್ಟ. ದೊಡ್ಡ ಕ್ಲಾಸಿಗೆ ಬಂದಾಗ ಎನ್‌ಐಒಎಸ್ ಅನ್ನುವ ಕೇಂದ್ರ ಸರ್ಕಾರದ ಓಪನ್ ಸ್ಕೂಲ್ ಇದೆ. ವಿಷಯ ಆರಿಸಿಕೊಳ್ಳಬಹುದು, ಒಂದೊಂದೇ ಬರೆಯಬಹುದು. ಮನೆಯಲ್ಲಿ ಕೂರಿಸಿ ಓದಿಸುವ ಭಾರ ಮಾತ್ರ ನಿಮ್ಮ ಮೇಲೆ ಬೀಳುತ್ತದೆ.

ಎಫ್‌ಎಎಸ್‌ಡಿ ವಾಸಿ ಮಾಡುವ ಔಷಧಿ ಇಲ್ಲ. ಚಂಚಲತೆ ಜಾಸ್ತಿ ಇದ್ದರೆ ಮೀಥೈಲ್‌ಫೆನಿಡೇಟ್ ಕೊಡುತ್ತೇವೆ. ಕೆಲವರಿಗೆ ಒಳ್ಳೆಯ ಉಪಯೋಗ, ಕೆಲವರಿಗೆ ಏನೂ ಇಲ್ಲ. ಹಸಿವು ಮತ್ತು ನಿದ್ದೆ ಕಡಿಮೆ ಮಾಡುತ್ತದೆ. ಈ ಮಕ್ಕಳಲ್ಲಿ ಹಲವರು ಮೊದಲೇ ಸಣಕಲು ಇರುವುದರಿಂದ ತೂಕ ನೋಡುತ್ತಲೇ ಇರಬೇಕು. ಸಿಟ್ಟಿಗೆ ಅಂತ ರಿಸ್ಪೆರಿಡೋನ್ ಬರೆದರೆ, ಮೊದಲು ಬೇರೆ ದಾರಿ ನೋಡಿದಿರಾ ಅಂತ ಧೈರ್ಯವಾಗಿ ಕೇಳಿ. ಅದರಿಂದ ತೂಕ ಏರುತ್ತದೆ. ಕೋಲಿನ್ ಅನ್ನುವ ಪೋಷಕಾಂಶದ ಬಗ್ಗೆ ಅಮೆರಿಕದಲ್ಲಿ ಆದ ಪ್ರಯೋಗದಲ್ಲಿ ಸ್ವಲ್ಪ ಆಸೆ ಕಂಡಿದೆ, ಆದರೆ ಅದು 2ರಿಂದ 5 ವರ್ಷದ ಮಕ್ಕಳಲ್ಲಿ. ಮೆದುಳಿನ ಟಾನಿಕ್, ಸ್ಟೆಮ್ ಸೆಲ್ ಅಂತ ಯಾರಾದರೂ ಸಾವಿರ, ಲಕ್ಷ ಕೇಳಿದರೆ ಎದ್ದು ಬನ್ನಿ.

ಮೊದಲು ಕಿವಿ, ಕಣ್ಣು, ಥೈರಾಯ್ಡ್ ನೋಡಿಸಿ. ಕೆಲವು ವಂಶವಾಹಿ ತೊಂದರೆಗಳೂ ಹೀಗೇ ಕಾಣುತ್ತವೆ, ಬೇಕಾದರೆ ಆ ಪರೀಕ್ಷೆಯನ್ನು ಡಾಕ್ಟರು ಹೇಳುತ್ತಾರೆ. ನಿಮಗೆ ಹತ್ತಿರ ಬಾಂಬೋಳಿ. ಗೋವಾ ಮೆಡಿಕಲ್ ಕಾಲೇಜಿನ ಮಕ್ಕಳ ವಿಭಾಗ ಮತ್ತು ಮಾನಸಿಕ ಆರೋಗ್ಯದ ಆಸ್ಪತ್ರೆ ಐಪಿಎಚ್‌ಬಿ ಎರಡೂ ಅಲ್ಲೇ ಇವೆ. ಬುದ್ಧಿ, ನೆನಪು, ಗಮನ, ಲೆಕ್ಕ, ದಿನನಿತ್ಯದ ಕೆಲಸ, ಎಲ್ಲವನ್ನೂ ಬೇರೆ ಬೇರೆಯಾಗಿ ಅಳೆಯಲು ಕೇಳಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಬೇರೆ ಭಾಷೆ ಆದ್ದರಿಂದ ಪರೀಕ್ಷೆ ಕನ್ನಡದಲ್ಲಿ ಆಗದಿದ್ದರೆ ಅಂಕ ಸುಮ್ನೆ ಕಡಿಮೆ ಬರುತ್ತದೆ. ಕನ್ನಡ ಬಲ್ಲವರು ಅಲ್ಲಿ ಸಿಗದಿದ್ದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋಗಿ. ವಾಸ್ಕೋದಿಂದ ಲೋಂಡಾ ಮೇಲೆ ರೈಲು ಇದೆ, ಊರಿಗೆ ಹೋಗುವಾಗ ಇಳಿದು ಮುಗಿಸಿಕೊಳ್ಳಬಹುದು. ಶಾಲೆ ಏನೇ ಹೇಳಲಿ, ಮನೆಯಲ್ಲಿ ಕನ್ನಡ ಬಿಡಬೇಡಿ.

ಅಂಗವೈಕಲ್ಯದ ಸರ್ಟಿಫಿಕೇಟಿನ ವಿಷಯದಲ್ಲಿ ಒಂದು ತೊಡಕಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ತೊಂದರೆಗಳ ಪಟ್ಟಿ ಇದೆ, ಎಫ್‌ಎಎಸ್‌ಡಿ ಅದರಲ್ಲಿ ಹೆಸರಾಗಿ ಇಲ್ಲ. ಬುದ್ಧಿಮಾಂದ್ಯ ಅನ್ನಲು ಐಕ್ಯೂ 70ರ ಒಳಗಿರಬೇಕು, ಈ ಮಕ್ಕಳಲ್ಲಿ ಅನೇಕರದ್ದು ಅದಕ್ಕಿಂತ ಮೇಲೆ. ಆದರೆ ಕಲಿಕೆಯ ತೊಂದರೆ ಪಟ್ಟಿಯಲ್ಲಿದೆ, 8 ವರ್ಷ ತುಂಬಿದ ಮೇಲೆ ಅದಕ್ಕೆ ಪರೀಕ್ಷೆ ಮಾಡಿಸಬಹುದು. ನಿಮ್ಮ ಹುಡುಗನಿಗೆ ಆ ಬಾಗಿಲು ತೆರೆದಿರಬಹುದು. ಅಂಗವೈಕಲ್ಯದ ಅಳತೆ 40 ಪರ್ಸೆಂಟ್ ಅಥವಾ ಜಾಸ್ತಿ ಬಂದರೆ ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಮೇಲೆ ಸೌಲಭ್ಯ ಕೇಳಬಹುದು.

ಅವನಿಗೆ ಹೇಳಬೇಕಾ? ಹೇಳಬೇಕು, ಮತ್ತು ತಾಯಿಯ ಬಾಯಿಂದಲೇ ಬಂದರೆ ಒಳ್ಳೆಯದು. "ನೀನು ಹೊಟ್ಟೆಯಲ್ಲಿದ್ದಾಗ ನಾನು ಕುಡಿತಿದ್ದೆ, ಅದು ಕೆಟ್ಟದ್ದು ಅಂತ ನನಗೆ ಗೊತ್ತಿರಲಿಲ್ಲ. ಅದರಿಂದ ನಿನ್ನ ಮೆದುಳಿಗೆ ನೆನಪಿಡೋದು ಕಷ್ಟ. ನೀನು ದಡ್ಡ ಅಲ್ಲ. ಈಗ ನಾನು ಕುಡಿಯಲ್ಲ." ಇಷ್ಟು ಸಾಕು. ಬೇರೆಯವರ ಜಗಳದಲ್ಲಿ ಅವನಿಗೆ ಇದು ಗೊತ್ತಾಗಬಾರದು.

ನಿಮ್ಮ ತಂಗಿಗೆ ಈಗಿನ ದಿನಗಳು ಕಠಿಣ. ಈ ತಪ್ಪಿತಸ್ಥ ಭಾವದಲ್ಲೇ ಮತ್ತೆ ಬಾಟಲಿಗೆ ಕೈ ಹೋಗುವ ಭಯ ಇದೆ. ಊಟ ಬಿಟ್ಟಿದ್ದಾಳೆ, ನಿದ್ದೆಯೂ ಬರದಿದ್ದರೆ ತಡ ಮಾಡಬೇಡಿ. ಸಾಯುವ ಮಾತು ಆಡಿದರೆ ಅವತ್ತೇ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಐಪಿಎಚ್‌ಬಿಯಲ್ಲಿ ಹುಡುಗನ ಜೊತೆ ಅವಳಿಗೂ ಒಂದು ಚೀಟಿ ಮಾಡಿಸಿ. ನಿಮಗೂ ವಾರದಲ್ಲಿ ಒಂದು ಸಂಜೆಯಾದರೂ ಬಿಡುವು ಬೇಕು. ಆ ಹೊತ್ತು ತಂಗಿ ಅವನ ಜೊತೆ ಚಿತ್ರದ ಪಟ್ಟಿ ಹಿಡಿದು ಕೂರಲಿ, ಅವಳಿಗೂ ಮಗನಿಗಾಗಿ ಏನಾದರೂ ಮಾಡುವ ಕೆಲಸ ಬೇಕಿದೆ.

ಹೋಗುವಾಗ ತಾಯಿ ಕಾರ್ಡ್, ಹುಟ್ಟಿದಾಗಿನ ತೂಕ ಬರೆದ ಆಸ್ಪತ್ರೆ ಚೀಟಿ, ಚುಚ್ಚುಮದ್ದಿನ ಪುಸ್ತಕ, ಎರಡು ವರ್ಷದ ಮಾರ್ಕ್ಸ್ ಕಾರ್ಡು, ಅವನ ಒಂದು ಲೆಕ್ಕದ ನೋಟ್‌ಬುಕ್ ತೆಗೆದುಕೊಳ್ಳಿ. ಅವನು ಚಿಕ್ಕವನಿದ್ದಾಗಿನ, ನಗದೆ ನೇರ ನೋಡುತ್ತಿರುವ ಫೋಟೋ ಇದ್ದರೆ ಅದೂ ಇರಲಿ, ವಯಸ್ಸಾದಂತೆ ಮುಖದ ಲಕ್ಷಣ ಮಾಸುತ್ತದೆ. ತಂಗಿ ಹೇಳಿದ್ದನ್ನು ಅವಳ ಒಪ್ಪಿಗೆ ಪಡೆದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಅದನ್ನು ಡಾಕ್ಟರ ಕೈಗೆ ಮಾತ್ರ ಕೊಡಿ, ಶಾಲೆಗೆ ಬೇಡ. ವರದಿ ಬಂದ ಮೇಲೆ ನನಗೆ ಕಳಿಸಿ, ಟೀಚರಿಗೆ ಕೊಡುವ ಪತ್ರವನ್ನು ನಾನು ಬರೆದುಕೊಡುತ್ತೇನೆ.